ಬಡಿಯದೆ ಒಳಗೆ ಬನ್ನಿ

ಹಾಸ್ಯಗಾರನನ್ನು ಯಾರೂ ಬಡಿಯುವುದಿಲ್ಲ ಅಂತ ಒಂದು ನಂಬಿಕೆ ಇದೆ. ಆಸ್ಥಾನದ ವಿದೂಷಕ ರಾಜನ ಮೂಗನ್ನು ಆಡಿಕೊಂಡರೂ ರಾಜ ನಕ್ಕು ಸುಮ್ಮನಾಗುತ್ತಾನೆ. ಖುಷಿ ಬಂದರೆ ಉಂಬಳಿಯನ್ನೂ ಬರೆದುಕೊಡುತ್ತಾನೆ. ಆದರೆ ಈ ಸಲುಗೆಗೆ ಬಾಯಿಬಿಟ್ಟು ಹೇಳದ ಒಂದು ಕರಾರಿದೆ. ರಾಜನ ಮೂಗಿನ ಬಗ್ಗೆ ಏನು ಬೇಕಾದರೂ ಅನ್ನು, ಹಿತ್ತಲಲ್ಲಿ ಚಾಟಿ ಏಟು ತಿನ್ನುತ್ತಿರುವವನ ಬೆನ್ನಿನ ಸುದ್ದಿ ಮಾತ್ರ ಎತ್ತಬೇಡ. ಈ ಕರಾರಿಗೆ ಕಟ್ಟುಬಿದ್ದು ಬರೆದವರು ಎಲ್ಲ ದೇಶಗಳಲ್ಲೂ ಶಾಲು ಹೊದೆಸಿಕೊಂಡು ಸುಖವಾಗಿದ್ದಾರೆ.

ಕರಾರು ಮುರಿದ ಒಬ್ಬನ ಚರಿತ್ರೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ. ಆತ ಬ್ರೆಜಿಲ್ ದೇಶದವನು. ಹೆಸರು ಅಪಾರಿಸಿಯೊ ತೊರೆಲಿ. ಜನರ ಬಾಯಲ್ಲಿ 'ಇತರಾರೆಯ ಬ್ಯಾರನ್'. ಅವನ ಚಟಾಕಿಗಳು ಆ ದೇಶದಲ್ಲಿ ಇವತ್ತಿಗೂ ಗಾದೆಗಳ ಹಾಗೆ ಓಡಾಡುತ್ತವೆ. ಆ ಚಟಾಕಿಗಳನ್ನು ಪಟ್ಟಿ ಮಾಡುವ ಕೆಲಸ ಬೇರೆಯವರು ಮಾಡಿದ್ದಾರೆ, ಮಾಡಲಿ. ಆತ ಒಮ್ಮೆ ಏಟು ತಿಂದ. ಯಾತಕ್ಕೆ ತಿಂದ ಎಂಬುದು ನಮಗೆ ಮುಖ್ಯ.

ತೊರೆಲಿ ಹುಟ್ಟಿದ್ದು 1895ರ ಜನವರಿ 29ರಂದು, ಬ್ರೆಜಿಲ್‌ನ ದಕ್ಷಿಣ ತುದಿಯ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ. ಜೆಸುಯಿಟ್ ಪಾದ್ರಿಗಳ ವಸತಿ ಶಾಲೆಯಲ್ಲಿ ಓದುವಾಗಲೇ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸಿದ. ಅದಕ್ಕೆ ಇಟ್ಟ ಹೆಸರು 'ಒಣಹುಲ್ಲು'. ಒಣಹುಲ್ಲಿಗೆ ಬೆಂಕಿ ಬೇಗ ಹತ್ತುತ್ತದೆ ಅನ್ನುವುದು ಪಾದ್ರಿಗಳಿಗೂ ಗೊತ್ತಿದ್ದೀತು. ಆಮೇಲೆ ವೈದ್ಯಕೀಯ ಓದಲು ಸೇರಿ, ಅರ್ಧಕ್ಕೇ ಕೈಬಿಟ್ಟ. ತನ್ನ ಸೀಮೆಯ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬರೆದುಕೊಂಡಿದ್ದವನು 1925ರಲ್ಲಿ ಆಗಿನ ರಾಜಧಾನಿ ರಿಯೊ ಡಿ ಜನೈರೊಗೆ ಬಂದ. ಅಲ್ಲಿ 'ಓ ಗ್ಲೋಬೊ' ಅನ್ನುವ ಪತ್ರಿಕೆ ಆಗತಾನೇ ಶುರುವಾಗಿತ್ತು. ಕೆಲಸ ಕೇಳಲು ಹೋದಾಗ ಯಜಮಾನರು, ನಿನಗೆ ಏನು ಬರುತ್ತದಪ್ಪಾ ಅಂದರಂತೆ. ನೆಲ ಗುಡಿಸುವುದರಿಂದ ಹಿಡಿದು ಪತ್ರಿಕೆ ನಡೆಸುವ ತನಕ ಎಲ್ಲಾ ಬರುತ್ತದೆ, ಎರಡರ ನಡುವೆ ಅಂಥಾ ವ್ಯತ್ಯಾಸವೇನೂ ಇಲ್ಲವಲ್ಲ ಅಂದನಂತೆ ಇವನು. ಈ ಕತೆಯನ್ನು ಅವನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ, ಹೇಳಿ ನಗುತ್ತಾರೆ. ನೆಲ ಗುಡಿಸುವ ಕೈಯನ್ನೂ ಸಂಪಾದಕೀಯ ಬರೆಯುವ ಕೈಯನ್ನೂ ಒಂದೇ ತಕ್ಕಡಿಯಲ್ಲಿಟ್ಟ ಮಾತು ಅದು. ನಗುವುದಕ್ಕೆ ಮುಂಚೆ ನಾವು ಒಂದು ಗಳಿಗೆ ನಿಂತು ನೋಡಬೇಕು.

ಅಲ್ಲಿಂದ ಆತ 'ಅ ಮನ್ಯಂ' ಎಂಬ ದಿನಪತ್ರಿಕೆಗೆ ಹೋಗಿ ಅಂಕಣ ಬರೆಯತೊಡಗಿದ. ಮನ್ಯಂ ಎಂದರೆ ಪೋರ್ಚುಗೀಸಿನಲ್ಲಿ ಬೆಳಗು. ಹೆಚ್ಚು ದಿನ ಇನ್ನೊಬ್ಬರ ಬೆಳಗಿನಲ್ಲಿ ಕೂರಲಿಲ್ಲ. 1926ರ ಮೇ 13ರಂದು ತನ್ನದೇ ವಾರಪತ್ರಿಕೆ ತೆಗೆದ. ಹಳೇ ಪತ್ರಿಕೆಯ ಹೆಸರಿನಿಂದ ಸೊನ್ನೆ ಕಿತ್ತುಹಾಕಿ 'ಅ ಮನ್ಯ' ಎಂದು ಹೆಸರಿಟ್ಟ. ಮನ್ಯ ಎಂದರೆ ಕಿಲಾಡಿತನ. ಒಂದು ಸೊನ್ನೆ ಹೋದದ್ದಕ್ಕೆ ಬೆಳಗು ಹೋಗಿ ಕಿಲಾಡಿತನ ಉಳಿಯಿತು. ಆ ಪತ್ರಿಕೆಯಲ್ಲಿ ದೇಶದ ಅಧ್ಯಕ್ಷರೂ ಮಂತ್ರಿಗಳೂ 'ಲೇಖಕ'ರಾದರು. ಅಧ್ಯಕ್ಷ ವಾಷಿಂಗ್ಟನ್ ಲೂಯಿಸ್ 'ವಾಜ್ ಆಂತಾವ್ ಲೂಯಿಸ್' ಆದ. ಮುಂದೆ ಅಧಿಕಾರಕ್ಕೆ ಬಂದ ಗೆಟೂಲಿಯೊ ಡೊರ್ನೆಲೆಸ್ ವರ್ಗಾಸ್‌ನ ನಡುವಿನ ಹೆಸರನ್ನು ಸೀಳಿ 'ಡೊರ್ ನೆಲೆಸ್' ಎಂದು ಅಚ್ಚು ಹಾಕಿದ. ಅವರಿಗೆ ನೋವಾಗಲಿ ಅನ್ನುವ ಅರ್ಥ ಬರುತ್ತದೆ. ದೊಡ್ಡವರ ಹೆಸರುಗಳು ಶಾಸನದ ಕಲ್ಲಲ್ಲಿ ಕೆತ್ತಿದ್ದಲ್ಲ, ಅಚ್ಚುಮೊಳೆಯಲ್ಲಿ ಜೋಡಿಸಿದ್ದು, ಕದಲಿಸಿದರೆ ಕದಲುತ್ತವೆ ಅಂತ ಓದುವವರಿಗೆ ತೋರಿಸಿಕೊಟ್ಟ.

ಪತ್ರಿಕೆ ಹುಟ್ಟಿದ ದಿನಾಂಕವನ್ನು ಇನ್ನೊಂದು ಸಲ ನೋಡಿ. ಮೇ 13. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ ದಿನ ಅದು. ಇಸವಿ 1888. ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕಡೆಗೆ ಗುಲಾಮಗಿರಿಯನ್ನು ಬಿಟ್ಟ ದೇಶ ಬ್ರೆಜಿಲ್. ರಾಜಕುಮಾರಿ ಇಸಾಬೆಲ್ ಸಹಿ ಹಾಕಿದ ಆ ಕಾಯ್ದೆಯಲ್ಲಿ ಇದ್ದದ್ದು ಎರಡೇ ಕಲಮು. ಗುಲಾಮಗಿರಿ ಇಂದಿನಿಂದ ಇಲ್ಲ ಅಂತ ಒಂದು, ಇದಕ್ಕೆ ವಿರುದ್ಧವಾದ ಕಾನೂನುಗಳೆಲ್ಲ ರದ್ದು ಅಂತ ಇನ್ನೊಂದು. ಅಷ್ಟೇ ಸ್ವಾಮಿ. ಭೂಮಿಯ ಮಾತಿಲ್ಲ, ಕೂಲಿಯ ಮಾತಿಲ್ಲ, ಶಾಲೆಯ ಮಾತಿಲ್ಲ. ನಿನ್ನೆ ತನಕ ಧಣಿಯ ಸ್ವತ್ತಾಗಿದ್ದವನು ಇವತ್ತು ಬರಿಗೈಯಲ್ಲಿ ರಸ್ತೆಗೆ ಬಿದ್ದ. ಚಾಟಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆ ಚಾಟಿಯ ಕತೆಗೆ ನಾವು ಮುಂದೆ ಬರುತ್ತೇವೆ.

ಮೊದಲು ಬ್ಯಾರನ್ ಪದವಿ ಹೇಗೆ ಬಂತು ನೋಡೋಣ. 1930ರಲ್ಲಿ ವರ್ಗಾಸ್ ದಕ್ಷಿಣದಿಂದ ದಂಡು ಕಟ್ಟಿಕೊಂಡು ರಾಜಧಾನಿಯ ಕಡೆ ಹೊರಟ. ಸಾವೊ ಪೌಲೊ ಮತ್ತು ಪರಾನಾ ರಾಜ್ಯಗಳ ಗಡಿಯಲ್ಲಿ ಇತರಾರೆ ಎಂಬ ಊರಿದೆ. ಎರಡೂ ಕಡೆಯ ಸೈನ್ಯಗಳು ಅಲ್ಲಿ ಎದುರುಬದುರು ನಿಂತವು. ಹಿಂದೆಂದೂ ಕಾಣದ ಘೋರ ಯುದ್ಧ ನಡೆಯುತ್ತದೆ ಅಂತ ಪತ್ರಿಕೆಗಳು ಬರೆದದ್ದೇ ಬರೆದದ್ದು. ಅಷ್ಟರಲ್ಲಿ ಅಕ್ಟೋಬರ್ 24ರಂದು ರಾಜಧಾನಿಯಲ್ಲಿ ಜನರಲ್‌ಗಳೇ ಅಧ್ಯಕ್ಷನನ್ನು ಇಳಿಸಿಬಿಟ್ಟರು. ಇತರಾರೆಯ ಯುದ್ಧ ನಡೆಯಲೇ ಇಲ್ಲ. ಮೇಲಿದ್ದವರು ಮೇಲಿದ್ದವರ ಜೊತೆ ಮಾತಾಡಿಕೊಂಡರು, ಕ್ರಾಂತಿ ಆಯಿತು ಅಂದರು. ನಗರಸಭೆ ಒಬ್ಬನಿಗೆ, ಅಂಚೆ ತಂತಿ ಇಲಾಖೆ ಇನ್ನೊಬ್ಬನಿಗೆ, ಹೀಗೆ ಪದವಿಗಳು ಹಂಚಿಹೋದವು. ನನಗೆ ಮಾತ್ರ ಬೆರಳು ಚೀಪುವುದೇ ಉಳಿಯಿತು, ಆದ್ದರಿಂದ ನನಗೆ ನಾನೇ ಪದವಿ ಕೊಟ್ಟುಕೊಂಡೆ ಅಂದ ತೊರೆಲಿ. ನಡೆಯದ ಯುದ್ಧದ ಗೌರವಾರ್ಥ ಮೊದಲು 'ಇತರಾರೆಯ ಡ್ಯೂಕ್' ಆದ. ಆಮೇಲೆ ವಿನಯಕ್ಕಾಗಿ ಒಂದು ಮೆಟ್ಟಿಲು ಇಳಿದು ಬ್ಯಾರನ್ ಆದ.

ಇದು ಬರೀ ಕೀಟಲೆಯಲ್ಲ. ಬ್ರೆಜಿಲ್‌ನಲ್ಲಿ ಚಕ್ರವರ್ತಿ ಇದ್ದ ಕಾಲಕ್ಕೆ ಬ್ಯಾರನ್ ಎಂದರೆ ಯಾರು? ನೂರಾರು ಗುಲಾಮರ ಬೆವರಿನಿಂದ ಕಾಫಿ, ಕಬ್ಬು ಬೆಳೆದ ತೋಟದ ಧಣಿ. ಅಂಥವರಿಗೆ ಅರಮನೆಯಿಂದ ಈ ಬಿರುದು ಸಿಗುತ್ತಿತ್ತು. 1889ರಲ್ಲಿ ಗಣರಾಜ್ಯ ಬಂದು ಬಿರುದುಗಳು ಹೋದರೂ ಬಿರುದು ಹೊತ್ತವರ ಗತ್ತು ಹೋಗಲಿಲ್ಲ. ಅಂಥ ಪದವಿಯನ್ನು ಒಬ್ಬ ಬಡ ಪತ್ರಕರ್ತ ಬೀದಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಮೈಮೇಲೆ ಹಾಕಿಕೊಂಡರೆ ಅದರ ಮರ್ಯಾದೆ ಏನು ಉಳಿಯಿತು? ಹುಟ್ಟಿನಿಂದ ದೊಡ್ಡಸ್ತಿಕೆ ಬರುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಇಷ್ಟರ ತನಕ ಎಲ್ಲಾ ಸರಿಯಾಗಿಯೇ ಇತ್ತು. ಅಧ್ಯಕ್ಷನನ್ನು ಆಡಿಕೊಂಡ, ಮಂತ್ರಿಗಳನ್ನು ಆಡಿಕೊಂಡ, ಪ್ರಾಣಕ್ಕೇನೂ ಅಪಾಯ ಬರಲಿಲ್ಲ. ನಗೆ ಮೂಗಿನ ಮೇಲಷ್ಟೇ ಇತ್ತು. ಇನ್ನೂ ಬೆನ್ನಿನ ಕಡೆ ಹೋಗಿರಲಿಲ್ಲ.

ಇಲ್ಲಿ ಬ್ಯಾರನ್‌ನನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಿ ನಾವು 1910ಕ್ಕೆ ಹಿಂದಿರುಗಬೇಕು. ಅವನಿಗೆ ಬಿದ್ದ ಏಟಿನ ಬೇರು ಅಲ್ಲಿದೆ.

ಬ್ರೆಜಿಲ್‌ನ ನೌಕಾಪಡೆ ಆಗ ಇಂಗ್ಲೆಂಡಿನಲ್ಲಿ ಕಟ್ಟಿಸಿದ ಹೊಚ್ಚ ಹೊಸ ಯುದ್ಧನೌಕೆಗಳನ್ನು ತಂದಿತ್ತು. 'ಮಿನಾಸ್ ಜೆರಾಯಿಸ್' ಅನ್ನುವ ಹಡಗು ಆ ಕಾಲಕ್ಕೆ ಜಗತ್ತಿನ ಅತಿ ಬಲಿಷ್ಠ ನೌಕೆಗಳಲ್ಲಿ ಒಂದು. ಯಂತ್ರ ಹೊಸದು, ಫಿರಂಗಿ ಹೊಸದು, ಶಿಕ್ಷೆ ಹಳೆಯದು. ನಾವಿಕರಲ್ಲಿ ಹೆಚ್ಚಿನವರು ಕರಿಯರು ಮತ್ತು ಮಿಶ್ರವರ್ಣದವರು. ಗುಲಾಮರ ಮಕ್ಕಳು, ಮೊಮ್ಮಕ್ಕಳು. ಎಷ್ಟೋ ಜನರನ್ನು ಪೊಲೀಸರು ಬೀದಿಯಿಂದ ಹಿಡಿದು ತಂದು ಹಡಗಿಗೆ ತುಂಬಿದ್ದರು. ಅಧಿಕಾರಿಗಳು ಬಿಳಿಯರು. ತಪ್ಪು ಮಾಡಿದ ನಾವಿಕನನ್ನು ಕಂಬಕ್ಕೆ ಕಟ್ಟಿ, ಉಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ತಮಟೆಯ ಸದ್ದಿನ ನಡುವೆ ಚಾಟಿಯಲ್ಲಿ ಹೊಡೆಯುತ್ತಿದ್ದರು. ಗಣರಾಜ್ಯ ಹುಟ್ಟಿದ ಮಾರನೇ ದಿನವೇ ಈ ಶಿಕ್ಷೆಯನ್ನು ರದ್ದು ಮಾಡಿ, ಕೆಲವೇ ತಿಂಗಳಲ್ಲಿ ಮತ್ತೆ ತಂದಿದ್ದರು. ದಿನಕ್ಕೆ 25 ಏಟು ಅಂತ ಕಾಯಿದೆ. 1910ರ ನವೆಂಬರಿನಲ್ಲಿ ಮಾರ್ಸೆಲಿನೊ ರೊಡ್ರಿಗಸ್ ಎಂಬ ನಾವಿಕನಿಗೆ ಬಿದ್ದದ್ದು 250 ಏಟು. ಎಚ್ಚರ ತಪ್ಪಿದ ಮೇಲೂ ಹೊಡೆದರು.

ನವೆಂಬರ್ 22ರ ರಾತ್ರಿ ನಾವಿಕರು ಎದ್ದರು. ಹಡಗಿನ ಕಮಾಂಡರ್ ಮತ್ತು ಕೆಲವು ಅಧಿಕಾರಿಗಳು ಸತ್ತರು, ನಾವಿಕರೂ ಸತ್ತರು. ನಾಲ್ಕು ಯುದ್ಧನೌಕೆಗಳು, ಎರಡು ಸಾವಿರಕ್ಕೂ ಹೆಚ್ಚು ಜನ. ಮುಂದಾಳು ಜೊವಾಂವ್ ಕ್ಯಾಂಡಿಡೊ. 1880ರಲ್ಲಿ ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿದವನು, ಬ್ಯಾರನ್‌ನ ಸೀಮೆಯವನೇ. ಫಿರಂಗಿಗಳನ್ನು ರಾಜಧಾನಿಯ ಕಡೆ ತಿರುಗಿಸಿ ಅವರು ಇಟ್ಟ ಬೇಡಿಕೆ ರಾಜ್ಯ ಬೇಕೆಂದಲ್ಲ, ಸಿಂಹಾಸನ ಬೇಕೆಂದಲ್ಲ. ನಮ್ಮನ್ನು ಹೊಡೆಯಬೇಡಿ ಅಂತ. ಅಷ್ಟು ಕೇಳುವುದಕ್ಕೆ ಅಷ್ಟು ಫಿರಂಗಿ ಬೇಕಾಯಿತು. ಅಧಿಕಾರಿಯ ಮಟ್ಟಕ್ಕೆ ಏರಲಾಗದ ಕರಿಯರು ಆ ದೈತ್ಯ ಹಡಗುಗಳನ್ನು ಕೊಲ್ಲಿಯಲ್ಲಿ ನೇರ್ಪಾಗಿ ನಡೆಸಿದ್ದನ್ನು ಕಂಡು ಪತ್ರಿಕೆಗಳೇ ಕ್ಯಾಂಡಿಡೊನನ್ನು 'ಕರಿಯ ಅಡ್ಮಿರಲ್' ಅಂದವು. ನಾಲ್ಕು ದಿನಕ್ಕೆ ಸರ್ಕಾರ ಮಣಿಯಿತು. ಚಾಟಿ ನಿಂತಿತು, ಕ್ಷಮಾದಾನದ ಕಾಯ್ದೆ ಬಂತು, ನಾವಿಕರು ಹಡಗು ಒಪ್ಪಿಸಿದರು.

ಒಪ್ಪಿಸಿದ ಮೇಲೆ ಮಾತು ಮುರಿದರು. ಎರಡೇ ದಿನದಲ್ಲಿ ನಾವಿಕರನ್ನು ಬೇಕಾದಂತೆ ಕೆಲಸದಿಂದ ತೆಗೆಯುವ ಆಜ್ಞೆ ಬಂತು. ಡಿಸೆಂಬರಿನಲ್ಲಿ ಇನ್ನೊಂದು ದಂಗೆಯ ನೆಪ ಸಿಕ್ಕಿತು. ನೂರಾರು ಜನರನ್ನು ಹಿಡಿದರು. ಕೆಲವರನ್ನು 'ಸತೆಲಿತೆ' ಎಂಬ ಹಡಗಿಗೆ ತುಂಬಿ ಅಮೆಜಾನ್ ಕಾಡಿಗೆ ಸಾಗಿಸಿದರು. ದಾರಿಯಲ್ಲೇ ಹಲವರನ್ನು ಗುಂಡಿಟ್ಟು ಕೊಂದರು. ಕ್ಯಾಂಡಿಡೊ ಸೇರಿ 18 ಜನರನ್ನು ಒಂದು ನಡುಗಡ್ಡೆಯ ನೆಲಮಾಳಿಗೆಯ ಕೋಣೆಯಲ್ಲಿ ಕೂಡಿದರು. ತೊಳೆಯುವ ನೆಪದಲ್ಲಿ ಹಾಕಿದ್ದ ಸುಣ್ಣ ಒಣಗಿ, ಪುಡಿ ಎದ್ದು, ಉಸಿರು ಕಟ್ಟಿತು. ಕ್ರಿಸ್ಮಸ್ ಸಮಯಕ್ಕೆ ಬಾಗಿಲು ತೆಗೆದಾಗ 16 ಹೆಣ. ಬದುಕುಳಿದ ಇಬ್ಬರಲ್ಲಿ ಕ್ಯಾಂಡಿಡೊ ಒಬ್ಬ. ಅವನನ್ನು ಹುಚ್ಚಾಸ್ಪತ್ರೆಗೆ ಕಳಿಸಿದರು, ಮತ್ತೆ ಜೈಲಿಗೆ ತಂದರು. 1912ರಲ್ಲಿ ನಿರ್ದೋಷಿ ಅಂತ ತೀರ್ಪಾಯಿತು. ನೌಕಾಪಡೆ ಮಾತ್ರ ಮತ್ತೆ ಒಳಗೆ ಸೇರಿಸಲಿಲ್ಲ. ರಿಯೊದ ಬಂದರಿನಲ್ಲಿ ಮೀನಿನ ಬುಟ್ಟಿ ಇಳಿಸುವ ಕೂಲಿಯಾದ.

ಈಗ ಬ್ಯಾರನ್ ಕಡೆಗೆ ಬರೋಣ. 1934ರಲ್ಲಿ ಆತ ಕೆಲವು ಎಡಪಂಥೀಯ ಗೆಳೆಯರ ಜೊತೆ ಸೇರಿ ಹೊಸ ದಿನಪತ್ರಿಕೆ ತೆಗೆದ. 'ಜೊರ್ನಾಲ್ ದೊ ಪೊವೊ', ಜನರ ಪತ್ರಿಕೆ. ಆ ಪತ್ರಿಕೆ ಜೊವಾಂವ್ ಕ್ಯಾಂಡಿಡೊನ ಕತೆಯನ್ನು ಧಾರಾವಾಹಿಯಾಗಿ ಅಚ್ಚು ಹಾಕತೊಡಗಿತು. ದಂಗೆಯಾಗಿ 24 ವರ್ಷವಾಗಿತ್ತು. ನೌಕಾಪಡೆಯ ಮೇಲಧಿಕಾರಿಗಳಿಗೆ ಅದು ಮುಟ್ಟಬಾರದ ಗಾಯ. ದೇಶದ ಅಧ್ಯಕ್ಷನ ಹೆಸರನ್ನು ಸೀಳಿ ಹಾಕಿದಾಗ ಬರದಿದ್ದ ಸಿಟ್ಟು ಒಬ್ಬ ಕರಿಯ ಕೂಲಿಯ ಹೆಸರನ್ನು ಸರಿಯಾಗಿ ಬರೆದಾಗ ಬಂತು. ನೌಕಾಪಡೆಯ ಅಧಿಕಾರಿಗಳು ತೊರೆಲಿಯನ್ನು ಎತ್ತಿಹಾಕಿಕೊಂಡು ಹೋಗಿ ಚೆನ್ನಾಗಿ ಬಡಿದು ಬಿಟ್ಟುಹೋದರು. ಬಡಿದವರು ಯಾರು ಅಂತ ಕೊನೆಗೂ ಗುರುತಾಗಲಿಲ್ಲ. ಪತ್ರಿಕೆ ಹತ್ತು ದಿನಕ್ಕೆ ನಿಂತಿತು.

ಏಟು ತಿಂದವನು ಕಚೇರಿಗೆ ವಾಪಸು ಬಂದು ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದ. ಪೋರ್ಚುಗೀಸಿನಲ್ಲಿ ಮೂರೇ ಪದ. ಬಾಗಿಲು ತಟ್ಟದೆ ಒಳಗೆ ಬನ್ನಿ ಅನ್ನಲು ಎಲ್ಲಾ ಕಚೇರಿಗಳಲ್ಲೂ ಹಾಕುವ ಬೋರ್ಡೇ ಅದು. ಆದರೆ 'ಬಾತೆರ್' ಎಂಬ ಕ್ರಿಯಾಪದಕ್ಕೆ ತಟ್ಟುವುದು, ಬಡಿಯುವುದು ಎರಡೂ ಅರ್ಥ ಇದೆ. ಕನ್ನಡಕ್ಕೆ ತರಲು ನಾವು ಒದ್ದಾಡಬೇಕಾಗಿಯೇ ಇಲ್ಲ: 'ಬಡಿಯದೆ ಒಳಗೆ ಬನ್ನಿ'. ನಮ್ಮ ಭಾಷೆಯಲ್ಲೂ ಬಾಗಿಲನ್ನೂ ಬಡಿಯುತ್ತಾರೆ, ಬೆನ್ನನ್ನೂ ಬಡಿಯುತ್ತಾರೆ. ಬಡಿಯುವುದು ಎಲ್ಲಿ ದಿನನಿತ್ಯದ ಮಾತೋ ಅಲ್ಲಿ ಇಂಥ ಶ್ಲೇಷೆ ತಾನೇ ತಾನಾಗಿ ಹುಟ್ಟುತ್ತದೆ ಅಂತ ಕಾಣುತ್ತದೆ.

ಈ ಬೋರ್ಡನ್ನು ಹೇಳಿ ನಗದವರು ಬ್ರೆಜಿಲ್‌ನಲ್ಲಿ ಕಡಿಮೆ. ನಾವೂ ನಕ್ಕೆವು. ನಕ್ಕ ಮೇಲೆ ನಮಗೆ ಹೊಳೆದದ್ದು ಇಷ್ಟು: ಇದು ಚಾಟಿ ತಿಂದ ನಾವಿಕರ ಬೇಡಿಕೆಯೇ. ಹೊಡೆಯಬೇಡಿ ಅಂತ 1910ರಲ್ಲಿ ಫಿರಂಗಿ ಇಟ್ಟು ಕೇಳಿದ್ದನ್ನು ಬ್ಯಾರನ್ 1934ರಲ್ಲಿ ಬಾಗಿಲಿಗೆ ಬೋರ್ಡು ಹಾಕಿ ಕೇಳಿದ.

ಅವನ ಬಯಲು ರಾಜಕೀಯ ಶುರುವಾದದ್ದು ಇದರ ಹಿಂದೆಯೇ. 1935ರಲ್ಲಿ 'ರಾಷ್ಟ್ರೀಯ ವಿಮೋಚನಾ ಮೈತ್ರಿ' ಹುಟ್ಟಿತು. ವಿದೇಶೀ ಸಾಲ ಕಟ್ಟಬೇಡಿ, ದೊಡ್ಡ ಹಿಡುವಳಿಗಳನ್ನು ಒಡೆದು ಉಳುವವನಿಗೆ ಕೊಡಿ ಅಂದ ಸಂಘಟನೆ ಅದು. ತೊರೆಲಿ ಅದರ ಸ್ಥಾಪಕ ಸದಸ್ಯರಲ್ಲೊಬ್ಬ. ನಾಲ್ಕೇ ತಿಂಗಳಲ್ಲಿ ವರ್ಗಾಸ್ ಅದನ್ನು ನಿಷೇಧಿಸಿದ. ನವೆಂಬರಿನಲ್ಲಿ ಕಮ್ಯುನಿಸ್ಟರು ಎಬ್ಬಿಸಿದ ದಂಗೆ ಸೋತಿತು, ಸಿಕ್ಕಸಿಕ್ಕವರನ್ನೆಲ್ಲ ಒಳಗೆ ಹಾಕಿದರು. ಬ್ಯಾರನ್ ಸುಮಾರು ಒಂದು ವರ್ಷ ಜೈಲಿನಲ್ಲಿದ್ದ. ದೊಡ್ಡ ಕಾದಂಬರಿಕಾರ ಗ್ರಾಸಿಲಿಯಾನೊ ರಾಮೋಸ್ ಕೂಡ ಆಪಾದನೆಯೇ ಇಲ್ಲದೆ ಅದೇ ಜೈಲಿಗೆ ಬಂದಿದ್ದ. ಅವನ ಮರಣಾನಂತರ 1953ರಲ್ಲಿ ಬಂದ ಜೈಲಿನ ನೆನಪುಗಳಲ್ಲಿ ಬ್ಯಾರನ್ ಇದ್ದಾನೆ. ಯಾವ ಕಷ್ಟಕ್ಕೂ ಎರಡು ದಾರಿ ಇರುತ್ತವೆ, ಒಂದು ಒಳ್ಳೆಯದು. ಕೆಟ್ಟದ್ದೇ ಆದರೂ ಅದಕ್ಕೆ ಮತ್ತೆ ಎರಡು ದಾರಿ ಅಂತ ಲೆಕ್ಕ ಬೆಳೆಸುತ್ತಾ ಸಹಬಂದಿಗಳನ್ನು ನಗಿಸುತ್ತಿದ್ದನಂತೆ. ಹೊರಗಿದ್ದವರನ್ನು ನಗಿಸುವುದು ಕಸುಬು. ಒಳಗಿದ್ದವರನ್ನು ನಗಿಸುವುದು ಬುತ್ತಿ ಹಂಚಿದ ಹಾಗೆ.

1937ರಲ್ಲಿ ವರ್ಗಾಸ್ ಪೂರಾ ಸರ್ವಾಧಿಕಾರಿಯಾದ. ಸೆನ್ಸಾರಿನ ಕಾಲ ಬಂತು. 1945ರಲ್ಲಿ ಆ ಆಡಳಿತ ಸಡಿಲವಾಗುತ್ತಿದ್ದಂತೆ 'ಅ ಮನ್ಯ' ಮತ್ತೆ ಹೊರಬಂತು, ಕಮ್ಯುನಿಸ್ಟ್ ಪಕ್ಷ ಬಹಿರಂಗವಾಯಿತು. 1947ರ ಜನವರಿಯಲ್ಲಿ ರಿಯೊ ನಗರಸಭೆಗೆ ಚುನಾವಣೆ. ಬ್ಯಾರನ್ ಆ ಪಕ್ಷದ ಅಭ್ಯರ್ಥಿ. ಅವನ ಘೋಷಣೆ: ಹೆಚ್ಚು ಹಾಲು, ಹೆಚ್ಚು ನೀರು, ಆದರೆ ಹಾಲಿಗೆ ಕಡಿಮೆ ನೀರು! ನಲ್ಲಿಯಲ್ಲಿ ನೀರಿಲ್ಲ, ಹಾಲಿನಲ್ಲಿ ಮಾತ್ರ ಬೇಕಾದಷ್ಟಿದೆ. ನಗರದ ಬಡವರ ಸಂಕಟವೆಲ್ಲ ಒಂದು ಸಾಲಿನಲ್ಲಿ ಬಂತು. ಗೆದ್ದ. 50 ಸ್ಥಾನಗಳಲ್ಲಿ 18 ಗೆದ್ದು ಅವನ ಪಕ್ಷವೇ ದೊಡ್ಡದಾಯಿತು.

ಸಭೆಯ ಕಲಾಪ ಆಗ ರೇಡಿಯೊದಲ್ಲಿ ಬರುತ್ತಿತ್ತು. ಬ್ಯಾರನ್ ಮಾತು ಕೇಳಲು ಗುಡ್ಡದ ಕೊಳೆಗೇರಿಗಳಲ್ಲಿ ಜನ ರೇಡಿಯೊ ಧಾರಾವಾಹಿಗಳನ್ನು ಬಿಟ್ಟು ಸಭೆಯ ಕಲಾಪ ಹಾಕಿಕೊಳ್ಳುತ್ತಿದ್ದರು, ಸಭೆಯಷ್ಟೇ ಅಲ್ಲ, ಬಟ್ಟೆ ಒಗೆಯುವ ಹೆಂಗಸರೂ ಕೂಲಿಗಳೂ ನಗುತ್ತಿದ್ದರು ಅಂತ ಪಕ್ಷದ ನಾಯಕ ಲೂಯಿಸ್ ಕಾರ್ಲೋಸ್ ಪ್ರೆಸ್ಟೆಸ್ ನೆನೆದಿದ್ದಾನೆ. ಇನ್ನೊಂದು ಸಂಗತಿಯನ್ನೂ ನಾವು ಇದರ ಪಕ್ಕದಲ್ಲಿಡಬೇಕು. ಓದುಬರಹ ಬಾರದವರಿಗೆ ಆ ದೇಶದಲ್ಲಿ ಓಟು ಇರಲಿಲ್ಲ. ಆ ಹಕ್ಕು ಸಿಕ್ಕಿದ್ದು 1985ರಲ್ಲಿ. ಅಂದರೆ ರೇಡಿಯೊ ಮುಂದೆ ಕೂತು ನಕ್ಕ ಎಷ್ಟೋ ಜನರಿಗೆ ಅವನಿಗೆ ಓಟು ಹಾಕುವ ಅಧಿಕಾರವೇ ಇರಲಿಲ್ಲ. ಅವರ ಕೈಲಿದ್ದದ್ದು ನಗು ಮಾತ್ರ.

ಅದೂ ಬಹಳ ದಿನ ನಡೆಯಲಿಲ್ಲ. 1947ರ ಮೇ ತಿಂಗಳಲ್ಲಿ ಚುನಾವಣಾ ನ್ಯಾಯಾಲಯ ಮೂರಕ್ಕೆ ಎರಡು ಮತಗಳಿಂದ ಪಕ್ಷದ ನೋಂದಣಿಯನ್ನೇ ರದ್ದು ಮಾಡಿತು. 1948ರ ಜನವರಿಯಲ್ಲಿ ಕಾಯ್ದೆ ತಂದು ಗೆದ್ದವರ ಸದಸ್ಯತ್ವವನ್ನೂ ಕಿತ್ತುಕೊಂಡರು. ಈ ಸಲ ಯಾರನ್ನೂ ಎತ್ತಿಹಾಕಿಕೊಂಡು ಹೋಗಬೇಕಾಗಲಿಲ್ಲ, ಒಂದು ಸಹಿ ಸಾಕಾಯಿತು. ಸಾರ್ವಜನಿಕ ಬದುಕು ಬಿಟ್ಟು 'ಪ್ರಿವಾದ'ಕ್ಕೆ ಹೋಗುತ್ತಿದ್ದೇನೆ ಅಂದನಂತೆ ಬ್ಯಾರನ್. ಆ ಪದಕ್ಕೆ ಖಾಸಗಿ ಅನ್ನುವುದೂ ಅರ್ಥ, ಕಕ್ಕಸು ಅನ್ನುವುದೂ ಅರ್ಥ.

ಆಮೇಲೆ ಪಂಚಾಂಗಗಳನ್ನು ಅಣಕಿಸುವ ವಾರ್ಷಿಕಗಳನ್ನು ತಂದ. 1949ರಲ್ಲಿ ಒಂದು, 1955ರಲ್ಲಿ ಎರಡು. ನಿಧಾನವಾಗಿ ಪತ್ರಿಕೆ ನಿಂತಿತು. ರಿಯೊದ ಒಂದು ಮನೆಯಲ್ಲಿ ಪುಸ್ತಕಗಳ ನಡುವೆ ಒಂಟಿಯಾಗಿ ಬದುಕಿ 1971ರ ನವೆಂಬರ್ 27ರಂದು ಸತ್ತ. ಆಗ ದೇಶದಲ್ಲಿ 1964ರಿಂದ ಮಿಲಿಟರಿ ಆಡಳಿತ ನಡೆದಿತ್ತು.

ಇವನಿಗಿಂತ ಎರಡು ವರ್ಷ ಮೊದಲು, 1969ರ ಡಿಸೆಂಬರಿನಲ್ಲಿ, 89ನೇ ವಯಸ್ಸಿನಲ್ಲಿ ಜೊವಾಂವ್ ಕ್ಯಾಂಡಿಡೊ ಬಡತನದಲ್ಲೇ ತೀರಿಕೊಂಡಿದ್ದ. ಅವನನ್ನು ನಾವು ದೇವರು ಮಾಡಹೊರಟಿಲ್ಲ. 1930ರ ದಶಕದಲ್ಲಿ ಕೆಲಕಾಲ ಆತ ಇಂಟೆಗ್ರಲಿಸ್ಟರೆಂಬ ಬಲಪಂಥೀಯರ ಜೊತೆಗೂ ಸೇರಿದ್ದ. ಎಡಪಂಥದ ಪತ್ರಿಕೆ ಅವನ ಕತೆ ಬರೆದು ಒದೆ ತಿಂದಾಗ ಅವನು ನಿಂತಿದ್ದ ಜಾಗ ಅದು. ಚರಿತ್ರೆ ನಮ್ಮ ಅನುಕೂಲಕ್ಕೆ ತಕ್ಕಂತೆ ಇರುವುದಿಲ್ಲ. ಅದಕ್ಕಾಗಿ ಅವನ ಬೆನ್ನ ಮೇಲಿನ ನ್ಯಾಯ ಸುಳ್ಳಾಗುವುದೂ ಇಲ್ಲ.

ಬ್ಯಾರನ್‌ನ ಪತ್ರಿಕೆಯಲ್ಲಿ ಹತ್ತು ದಿನಕ್ಕೆ ನಿಂತ ಕತೆಯನ್ನು ಬೇರೆಯವರು ಎತ್ತಿಕೊಂಡರು. 1959ರಲ್ಲಿ ಪತ್ರಕರ್ತ ಎಡ್ಮಾರ್ ಮೊರೆಲ್ ಚಾಟಿಯ ದಂಗೆಯ ಬಗ್ಗೆ ಪೂರಾ ಪುಸ್ತಕ ತಂದ. 1970ರ ದಶಕದಲ್ಲಿ ಜೊವಾಂವ್ ಬೊಸ್ಕೊ, ಅಲ್ದಿರ್ ಬ್ಲಾಂಕ್ ಹಾಡು ಕಟ್ಟಿದರು. ಕರಿಯನಿಗೆ 'ಅಡ್ಮಿರಲ್' ಅನ್ನುವ ಪದ ಕೂಡದು ಅಂತ ಸೆನ್ಸಾರಿನವರು ಅದನ್ನು ತೆಗೆಸಿದರು. ಕಡೆಗೆ 2008ರಲ್ಲಿ, ಸತ್ತ 39 ವರ್ಷಕ್ಕೆ, ಸರ್ಕಾರ ಕ್ಯಾಂಡಿಡೊಗೂ ಸಂಗಾತಿಗಳಿಗೂ ಕ್ಷಮಾದಾನ ಕೊಟ್ಟಿತು. ಪರಿಹಾರದ ಭಾಗವನ್ನು ಮಾತ್ರ ಕೈಬಿಟ್ಟಿತು. ಅದೇ ವರ್ಷ ಅವನ ಪ್ರತಿಮೆಯನ್ನು ರಿಯೊದ ಬಂದರಿನ ಚೌಕದಲ್ಲಿ ನಿಲ್ಲಿಸಿದರು. ಅವನು ಮೀನಿನ ಬುಟ್ಟಿ ಹೊರುತ್ತಿದ್ದ ಜಾಗವೇ ಅದು.

ಹಾಸ್ಯದಿಂದ ಏನಾಗುತ್ತದೆ ಅಂತ ಕೇಳುವ ಗೆಳೆಯರಿದ್ದಾರೆ. ಈ ಚರಿತ್ರೆ ನೋಡಿದರೆ, ಬಹಳವೇನೂ ಆಗುವುದಿಲ್ಲ. ಚಾಟಿಯನ್ನು ನಿಲ್ಲಿಸಿದ್ದು ನಾವಿಕರು, ಬ್ಯಾರನ್ ಅಲ್ಲ. ಅವನು ಮಾಡಿದ್ದು ಒಂದು ಸಣ್ಣ ಕೆಲಸ. ನಗಿಸಿ ನಗಿಸಿ ಗಳಿಸಿದ ಓದುಗರ ಮುಂದೆ ಒಂದು ದಿನ ಆ ಬೆನ್ನನ್ನು ತಂದು ನಿಲ್ಲಿಸಿದ. ಅದಕ್ಕೆ ತನ್ನ ಬೆನ್ನು ಕೊಡಬೇಕಾಯಿತು, ಕೊಟ್ಟ. ಮಾರನೆಯ ದಿನ ಬಂದು ಬಾಗಿಲಿಗೆ ಚಿಲಕ ಹಾಕಲಿಲ್ಲ, ಬೋರ್ಡು ಹಾಕಿದ. ನಮ್ಮನ್ನು ನಗಿಸುವವರು ಎದುರಾದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇವರ ಮನೆ ಬಾಗಿಲಿಗೆ ಅಂಥದೊಂದು ಬೋರ್ಡಿನ ಅಗತ್ಯ ಯಾವತ್ತಾದರೂ ಬಿದ್ದಿದೆಯೇ?